ಕಡಲಾಮೆ ಕಾಯುವವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ವಿದೇಶದ ಸಂರಕ್ಷಣಾ ಯೋಜನೆಗಳಲ್ಲಿ ಸ್ವಯಂಸೇವೆ ಮಾಡಿ ಬಂದವರ ಬರಹಗಳಲ್ಲಿ ಪ್ರಾಣಿಗಳೇ ತುಂಬಿರುತ್ತವೆ. ಅಲ್ಲಿನ ಜನ ಕಾಣುವುದೇ ಅಪರೂಪ. ಕೋಸ್ಟರಿಕಾದ ಟೋರ್ಟುಗೆರೋ ತೀರದಲ್ಲಿ ಹಸಿರು ಕಡಲಾಮೆಗಳ ಕೆಲಸಕ್ಕೆ ಹೋಗಿದ್ದ ನನ್ನ ಮನಸ್ಸಿನಲ್ಲಿ ಉಳಿದವರು ಮಾತ್ರ ಮನುಷ್ಯರೇ.

ರಾತ್ರಿ ಗಸ್ತಿನಲ್ಲಿ ನಮ್ಮನ್ನು ಮುನ್ನಡೆಸುತ್ತಿದ್ದ ಸ್ಥಳೀಯ ಹಿರಿಯರೊಬ್ಬರು ಹರೆಯದಲ್ಲಿ ಆಮೆಯ ಮೊಟ್ಟೆ ಅಗೆದು ಮಾರಿದವರು. ಈಗ ಅದೇ ಅನುಭವ ಕಾವಲಿಗೆ ಒದಗಿದೆ. ಮರಳಿನ ಮೇಲಿನ ಜಾಡು ದಡಕ್ಕೆ ಬಂದದ್ದೋ ಕಡಲಿಗೆ ಮರಳಿದ್ದೋ ಎಂದು ಕತ್ತಲಲ್ಲೇ ಹೇಳುತ್ತಿದ್ದರು. ಆಮೆ ಗುಂಡಿ ತೋಡುವಾಗ ಯಾರೂ ಅಲುಗಾಡುವಂತಿಲ್ಲ. ಮೊಟ್ಟೆಯಿಡಲು ಶುರುಮಾಡಿದ ಮೇಲಷ್ಟೇ ಕೆಂಪು ದೀಪ, ಆಮೆಯ ಹಿಂಬದಿಯಿಂದ ಮೊಟ್ಟೆಗಳ ಎಣಿಕೆ. ಒಂದು ಗೂಡಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳಿರುವುದುಂಟು. ನನ್ನ ಜೊತೆ ಎಣಿಸುತ್ತಿದ್ದವರು ಕೆನಡಾದ ನಿವೃತ್ತ ದಾದಿ. ಮಳೆಯಲ್ಲಿ ತೊಯ್ದರೂ ಒಂದು ರಾತ್ರಿಯೂ ಗೊಣಗಿದವರಲ್ಲ!

1975ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಪ್ರದೇಶವಿದು. ಮರಿಗಳು ಹೊರಬರಲು ಸುಮಾರು 2 ತಿಂಗಳು ಬೇಕು. ನಮ್ಮಂಥವರು ಅಷ್ಟರಲ್ಲಿ ಊರಿಗೆ ಹೊರಟಿರುತ್ತೇವೆ, ಕಾಯುವವರು ಅಲ್ಲಿಯವರೇ. ಇಂಥ ಯೋಜನೆಗಳಿಗೆ ಹೊರಡುವವರು, ತಾವು ಕಟ್ಟುವ ಶುಲ್ಕದಲ್ಲಿ ಸ್ಥಳೀಯ ಕಾವಲುಗಾರರ ಸಂಬಳಕ್ಕೆ ಎಷ್ಟು ಸೇರುತ್ತದೆ ಎಂದು ಮೊದಲೇ ಕೇಳಲಿ. ಉತ್ತರ ಕೊಡದ ಸಂಸ್ಥೆಗೆ ಹಣ ಕಟ್ಟುವುದು ಬೇಡ.

– ಒಬ್ಬ ಸ್ವಯಂಸೇವಕಿ