ಸೀರೆ ಸಾಕು, ಕನ್ನಡಕ ಬೇಕು

ಪುಟ್ಟಾ,

ದೊಡ್ಡಮ್ಮನ ಆಶೀರ್ವಾದ. ನಿನ್ನ ಮೆಸೇಜ್ ನೋಡಿದೆ. ಫೋನಿನಲ್ಲಿ ಮಾತಾಡೋಣ ಅಂದರೆ ಮಳೆ ಶುರುವಾದಾಗಿನಿಂದ ಇಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಬೀದಿಯ ಕೊನೆಯಲ್ಲಿರುವ ಚಿಕ್ಕ ಚರ್ಚಿನ ಛಾವಣಿ ಗಾಳಿಗೆ ಹಾರಿಹೋಗಿದೆ, ಏನಾದರೂ ಮಾಡಬೇಕು ಅನ್ನಿಸುತ್ತಿದೆ, ಆದರೆ ನಾವು ಅವರ ಧರ್ಮದವರಲ್ಲ, ಏನಂದುಕೊಳ್ಳುತ್ತಾರೋ ಅಂತ ಸಂಕೋಚ. ಇಷ್ಟೇ ತಾನೇ? ಸಂಕೋಚ ಬಿಡು. ತಲೆ ಮೇಲೆ ಸೂರಿಲ್ಲದೆ ನಿಂತವರು ಬಂದವರ ಗೋತ್ರ ಕೇಳುವುದಿಲ್ಲ.

ಅಮೆರಿಕದ ಲೂಸಿಯಾನಾದಲ್ಲಿ ನೀನಿರುವ ಲಾಫಯೆಟ್‌ನಿಂದ ಓಪಲೂಸಸ್ ಊರು ಅರ್ಧ ಗಂಟೆ ದಾರಿ ಅಲ್ವಾ? 2019ರಲ್ಲಿ ನಾನು ಹ್ಯೂಸ್ಟನ್‌ನಲ್ಲಿ ನಿನ್ನ ಅಕ್ಕನ ಮನೆಯಲ್ಲಿದ್ದೆ. ಆಗ ಟಿವಿಯಲ್ಲಿ ಅದೇ ಸುದ್ದಿ. ಮಾರ್ಚ್ 26ರಿಂದ ಏಪ್ರಿಲ್ 4ರೊಳಗೆ ಆ ಕಡೆಯ ಮೂರು ಚರ್ಚುಗಳು ಸುಟ್ಟುಹೋದವು. ಪೋರ್ಟ್ ಬ್ಯಾರಿಯಲ್ಲಿ ಒಂದು, ಓಪಲೂಸಸ್‌ನಲ್ಲಿ ಎರಡು. ಮೂರೂ ಕಪ್ಪು ಜನರವು, ಮೂರಕ್ಕೂ ನೂರು ವರ್ಷ ದಾಟಿತ್ತು. ನಿಮ್ಮದು ಗಾಳಿಯ ಕೆಲಸ, ಅದು ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ ಬೇಕಂತಲೇ ಹಚ್ಚಿದ ಬೆಂಕಿ. ಜನ ದುಡ್ಡು ಕೊಡುತ್ತಿದ್ದರು, ಆದರೆ ಕುಂಟುತ್ತಾ. ಅಷ್ಟರಲ್ಲಿ ಏಪ್ರಿಲ್ 15ಕ್ಕೆ ಪ್ಯಾರಿಸ್‌ನ ದೊಡ್ಡ ಚರ್ಚು ನೋಟ್ರ ಡಾಮ್ ಹೊತ್ತಿಕೊಂಡಿತು, ಅದಕ್ಕೆ ಎರಡೇ ದಿನದಲ್ಲಿ ದೊಡ್ಡ ದೊಡ್ಡ ಕುಳಗಳು ಕೋಟಿಗಟ್ಟಲೆ ಯೂರೋ ಘೋಷಿಸಿದರು. ಆಗ ಯಾರೋ ನೆನಪಿಸಿದರು, ಇಲ್ಲೇ ಮೂರು ಬಡ ಚರ್ಚುಗಳಿವೆಯಲ್ಲಾ ಅಂತ. ಕೆಲವೇ ದಿನದಲ್ಲಿ ಮೊತ್ತ 20 ಲಕ್ಷ ಡಾಲರ್ ಮೇಲಕ್ಕೆ ಹೋಯಿತು. ಸಾವಿರಾರು ಜನ ಹತ್ತು, ಇಪ್ಪತ್ತು ಡಾಲರ್‌ನಂತೆ ಹಾಕಿದ್ದರು. ಮೂರೂ ಚರ್ಚಿಗೆ ಸಮಪಾಲು.

ದೂರದ ದೊಡ್ಡದು ಉರಿಯದಿದ್ದರೆ ಹತ್ತಿರದ ಚಿಕ್ಕದು ಯಾರ ಕಣ್ಣಿಗೆ ಬೀಳುತ್ತಿತ್ತೋ ಏನೋ. ಕೊಂಕು ಮಾತಾಡುತ್ತಿಲ್ಲ. ಸರಿ, ಸ್ವಲ್ಪ ಕೊಂಕು ಇದೆ ಬಿಡು. ನಿನಗೆ ಪ್ಯಾರಿಸ್ ಬೇಕಾಗಿಲ್ಲ, ನಡೆದುಕೊಂಡೇ ಹೋಗಬಹುದು.

ಆದರೆ ಅಪಾರ್ಟ್‌ಮೆಂಟಿನ ಕನ್ನಡದವರೆಲ್ಲ ಸೇರಿ ಬಟ್ಟೆ ಕೂಡಿಸುತ್ತೇವೆ ಅಂದೆಯಲ್ಲ, ಅದು ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದಾಗ ಮಡಿಕೇರಿಯ ಒಂದು ಗಂಜಿ ಕೇಂದ್ರದಲ್ಲಿ ನಾನು ನಾಲ್ಕು ದಿನ ಇದ್ದೆ, ನಿನಗೆ ಗೊತ್ತು. ಲಾರಿ ಲಾರಿ ಹಳೇ ಬಟ್ಟೆ ಬಂತು. ಗುಂಡಿ ಕಿತ್ತ ಶರ್ಟು, ಜರಿ ಹರಿದ ರೇಷ್ಮೆ ಸೀರೆ, ಯಾರದೋ ಮದುವೆಯ ಕೋಟು. ವಿಂಗಡಿಸುವುದಕ್ಕೇ ಎಂಟು ಜನ ಬೇಕಾಯಿತು. ಮೂಲೆಯಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಮಡಿಲಲ್ಲಿ ಏಳು ಸೀರೆ. ಇನ್ನೊಂದು ಕೊಡಲು ಹೋದರೆ ನನ್ನ ಕೈ ಹಿಡಿದು, "ಸೀರೆ ಸಾಕವ್ವಾ, ನನ್ನ ಕನ್ನಡಕ ಮಣ್ಣಿನಡಿ ಹೋಯ್ತು" ಅಂದರು. ಮೂರು ದಿನದಿಂದ ಎದುರಿಗೆ ಬಂದವರ ಮುಖ ಅವರಿಗೆ ಸರಿಯಾಗಿ ಕಂಡಿರಲಿಲ್ಲ. ನಾವ್ಯಾರೂ ಕೇಳಿರಲೇ ಇಲ್ಲ.

ಅದಕ್ಕೇ ಮೊದಲು ಬರಿಗೈಯಲ್ಲಿ ಹೋಗು. ಪಾಸ್ಟರ್ ಸಿಕ್ಕರೆ ಏನು ಬೇಕು ಅಂತ ಕೇಳು. ನೆನೆದ ಹಾಡಿನ ಪುಸ್ತಕ ಒಣಗಿಸುವುದಿರಬಹುದು, ವಯಸ್ಸಾದವರನ್ನು ಭಾನುವಾರ ಬೇರೆ ಜಾಗಕ್ಕೆ ಕಾರಲ್ಲಿ ಬಿಡುವುದಿರಬಹುದು, ಇನ್ಶೂರೆನ್ಸ್ ಫಾರ್ಮು ತುಂಬುವುದಿರಬಹುದು. ಕೊನೆಯದು ನಿನಗೆ ಚೆನ್ನಾಗಿ ಬರುತ್ತೆ. ದುಡ್ಡೇ ಬೇಕು ಅಂದರೆ ದುಡ್ಡೇ ಕೊಡು, ರಸೀದಿ ತಗೋ, ಅದರಲ್ಲಿ ನಾಚಿಕೆ ಏನಿಲ್ಲ. ಫೋಟೋ ಮಾತ್ರ ಹಾಕಬೇಡ.

ಮೊದಲ ವಾರ ಎಲ್ಲರೂ ಬರುತ್ತಾರೆ, ಪಲಾವ್ ಜಾಸ್ತಿಯಾಗಿ ಚೆಲ್ಲುತ್ತಾರೆ. ಎರಡು ತಿಂಗಳಾದ ಮೇಲೆ ಟಾರ್ಪಾಲು ಹರಿದು ಸೋರುವಾಗ ಯಾರೂ ಇರುವುದಿಲ್ಲ. ನೀನು ಆಗಲೂ ಒಂದು ಸಲ ಹೋಗಿ ಬಾ.

ಛಾವಣಿ ಹತ್ತುವ ಕೆಲಸ ಮಾತ್ರ ಬೇಡ ಮಗಾ. ನಿಮ್ಮಮ್ಮನಿಗೆ ಉತ್ತರ ಹೇಳಬೇಕಾದವಳು ನಾನು.

ನಿನ್ನ ದೊಡ್ಡಮ್ಮ