ಹತ್ತು ಸಿನಿಮಾದ ಪಟ್ಟಿ ಕಳಿಸಿದ ಹುಡುಗನಿಗೆ

ಪ್ರೀತಿಯ ಹುಡುಗ,

‘ನೋಡಲೇಬೇಕಾದ ಹತ್ತು ಕನ್ನಡ ಸಿನಿಮಾಗಳು’ ಅಂತ ನೀನು ಬರೆದದ್ದು ತಲುಪಿತು. ಎರಡು ಸಲ ಓದಿದೆ. ತಪ್ಪೇನೂ ಇಲ್ಲ. ಆದರೆ ಮುಗಿಸಿದ ಮೇಲೆ ಒಂದನ್ನೂ ನೋಡಬೇಕು ಅನ್ನಿಸಲಿಲ್ಲ. ಬೇಜಾರಾಗಬೇಡ, ಯಾಕೆ ಅಂತ ಹೇಳುತ್ತೇನೆ.

‘ತಿಥಿ’ಗೆ ನೀನು ಕೊಟ್ಟಿರುವುದು ನಾಲ್ಕು ಸಾಲು. ರಾಮ್ ರೆಡ್ಡಿ ನಿರ್ದೇಶನ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಪ್ರಶಸ್ತಿ, ಆಮೇಲೆ ರಾಷ್ಟ್ರಪ್ರಶಸ್ತಿ, ಕೊನೆಗೆ ‘ಮಿಸ್ ಮಾಡದೆ ನೋಡಿ’. ಎಲ್ಲ ನಿಜವೇ. ಆದರೆ ಪ್ರಶಸ್ತಿ ಅಂದ ಕೂಡಲೇ ನಮ್ಮ ಜನ ಹೆದರುತ್ತಾರೆ ಮಾರಾಯ. ‘ಅವಾರ್ಡ್ ಪಿಕ್ಚರ್ರಾ? ಬೋರು ಬಿಡು’ ಅಂತಾರೆ. ಅದರ ಬದಲು ಆ ಮುದುಕನಿಂದ ಶುರು ಮಾಡು. ಮಂಡ್ಯ ಸೀಮೆಯ ಒಂದು ಹಳ್ಳಿ. ದಾರಿ ಬದಿ ಕೂತು, ಹೋಗಿ ಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುವ 101 ವರ್ಷದ ಸೆಂಚುರಿ ಗೌಡ. ಸ್ವಲ್ಪ ಹೊತ್ತಿಗೆ ಎದ್ದು ಹೋದವನು ಬಿದ್ದು ಸತ್ತೇ ಹೋಗುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಬ್ರಾಂದಿ ಇಟ್ಟುಕೊಂಡು ಹೊಲದಲ್ಲಿ ಸುತ್ತುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಐದು ಎಕರೆಯದೇ ಧ್ಯಾನ. ಮರಿಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ. ಇವರ್ಯಾರೂ ಕಸುಬಿನ ನಟರಲ್ಲ, ಆ ಕಡೆಯ ಹಳ್ಳಿ ಜನವೇ. ಇಷ್ಟು ಹೇಳಿದರೆ ನೋಡುವವನು ಅವತ್ತೇ ರಾತ್ರಿ ನೋಡುತ್ತಾನೆ.

ಅಷ್ಟಕ್ಕೇ ನಿಲ್ಲಿಸು. ಗಡ್ಡಪ್ಪ ಬೆಂಕಿ ಮುಂದೆ ಕೂತು ತನ್ನ ಹಳೇ ಕತೆ ಹೇಳುವ ರಾತ್ರಿ ಇದೆಯಲ್ಲ, ಅದರ ಬಗ್ಗೆ ಬಾಯಿ ಬಿಡಬೇಡ. ಅಲ್ಲಿಯವರೆಗೆ ನಗುತ್ತಿದ್ದವರು ಅಲ್ಲಿ ತಾವಾಗಿಯೇ ಸುಮ್ಮನಾಗಬೇಕು.

ಇನ್ನೊಂದು ವಿಷಯ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ‘ತಿಥಿ’ ನೋಡಿದ ಹುರುಪಿನಲ್ಲಿ ಸಿಕ್ಕಿದವರಿಗೆಲ್ಲ ಮೆಸೇಜ್ ಮಾಡಿದ್ದೆ, ‘ನಕ್ಕು ನಕ್ಕು ಸಾಕಾಗುತ್ತೆ, ನೋಡು’ ಅಂತ. ಒಬ್ಬ ಗೆಳೆಯ ಉತ್ತರ ಕೊಡಲೇ ಇಲ್ಲ. ಅವನ ಅಪ್ಪ ತೀರಿಕೊಂಡು ಆಗ ಒಂಬತ್ತು ದಿನ. ನನಗೆ ಗೊತ್ತಿರಲಿಲ್ಲ ಅನ್ನುವುದೇನೋ ಸರಿ. ಆದರೆ ಒಂದೇ ಮೆಸೇಜನ್ನು ನಲವತ್ತು ಜನಕ್ಕೆ ತಳ್ಳುವವನಿಗೆ ಗೊತ್ತಾಗುವುದಾದರೂ ಹೇಗೆ? ಎರಡು ವರ್ಷದ ಮೇಲೆ ಅವನೇ ಫೋನ್ ಮಾಡಿದ. ಸಿನಿಮಾ ನೋಡಿದ್ದ. ‘ನಮ್ಮನೇಲೂ ಅಷ್ಟೇ ಕಣೋ, ಅಳೋದಕ್ಕಿಂತ ಊಟದ ಎಲೆ ಎಣಿಸಿದ್ದೇ ಜಾಸ್ತಿ’ ಅಂದ. ಅಂದಿನಿಂದ ನಾನು ಸಿನಿಮಾ ಹೆಸರನ್ನು ಒಬ್ಬೊಬ್ಬರಿಗೇ ಹೇಳುತ್ತೇನೆ. ನೀನೂ ಬರೆಯುವಾಗ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಎದುರಿಗೆ ಕೂರಿಸಿಕೋ. ಹೆಸರು ಹಾಕಬೇಕಿಲ್ಲ. ಅವರಿಗೆ ಹೇಳುವಂತೆ ಬರಿ.

ಹಾಗೇ, ಬರೆಯುವ ಮೊದಲು ಇನ್ನೊಂದು ಸಲ ನೋಡು. ನೆನಪನ್ನು ನಂಬಬೇಡ. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ದಲ್ಲಿ ಯಮುನಕ್ಕ ಹುತ್ತದೊಳಗೆ ಕೈ ಹಾಕುವುದನ್ನು ಚಿಕ್ಕ ಹುಡುಗ ನಾಣಿ ನೋಡುತ್ತಾನೆ. ಅದನ್ನು ನೋಡಿ ಎಷ್ಟೋ ವರ್ಷವಾದ ಮೇಲೆ ಒಂದು ಲೇಖನದಲ್ಲಿ ಅವಳ ಕೆಂಪು ಸೀರೆಯ ಬಗ್ಗೆ ಒಂದು ಪ್ಯಾರಾ ಪೂರ್ತಿ ಬರೆದಿದ್ದೆ. ಅಚ್ಚಿಗೆ ಕಳಿಸುವ ಮುಂಚೆ ಸುಮ್ನೆ ಒಮ್ಮೆ ಹಾಕಿ ನೋಡಿದೆ. 1977ರ ಕಪ್ಪು ಬಿಳುಪು ಸಿನಿಮಾ! ಕೆಂಪು ಎಲ್ಲಿಂದ ಬರಬೇಕು? ಪ್ಯಾರಾ ಹರಿದು ಹಾಕಿದೆ. ಆ ಕೆಂಪು ಮಾತ್ರ ಇವತ್ತಿಗೂ ತಲೆಯಿಂದ ಹೋಗಿಲ್ಲ. ಈಗ ಬರೆದರೆ ಅದನ್ನೇ ಬರೆಯುತ್ತಿದ್ದೆ ಅನ್ನಿಸುತ್ತದೆ, ಇಲ್ಲದ ಬಣ್ಣವನ್ನು ನಾನು ಕಂಡದ್ದನ್ನು.

ನಿಧಾನ ಇದ್ದರೆ ನಿಧಾನ ಅಂತಲೇ ಹೇಳು. ಮೊದಲೇ ಗೊತ್ತಿದ್ದವರು ಫೋನ್ ಪಕ್ಕಕ್ಕಿಟ್ಟು ಕೂರುತ್ತಾರೆ. ‘ಮಾಸ್ಟರ್‌ಪೀಸ್’ ಅನ್ನುವ ಪದ ನಿನ್ನ ಲೇಖನದಲ್ಲಿ ಆರು ಸಲ ಬಂದಿದೆ, ಆರನ್ನೂ ತೆಗೆ.

ಅಂದ ಹಾಗೆ ನಿನ್ನ ಪಟ್ಟಿಯ ಏಳನೆಯದನ್ನು ನಾನು ನೋಡಿಲ್ಲ. ಉಳಿದ ಒಂಬತ್ತನ್ನು ಸದ್ಯಕ್ಕೆ ಬಿಡು. ಅದೊಂದರ ಬಗ್ಗೆ ನನಗೆ ಒಂದು ಪುಟ ಬರೆದು ಕಳಿಸು. ನನಗೆ ಬೇಗ ನಿದ್ದೆ ಬರುತ್ತೆ ಅನ್ನುವುದು ಗಮನದಲ್ಲಿರಲಿ.

ನಿನ್ನ,
ಹಳೇ ಓದುಗ