ಛಾವಣಿಗೆ ಎಷ್ಟು ಸಿಗುತ್ತದೆಂದು ಆಲಿಕಲ್ಲು ಬೀಳುವ ಮೊದಲೇ ತಿಳಿಯಲಿ: ಟೆಕ್ಸಾಸ್ ವಿಮಾ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಟೆಕ್ಸಾಸ್‌ನಲ್ಲಿ ಸ್ವಂತ ಮನೆ ಇರುವವರಿಗೆ ವರ್ಷಕ್ಕೊಮ್ಮೆ ಬರುವ ಗೃಹವಿಮೆಯ ನವೀಕರಣ ಪತ್ರದಲ್ಲಿ ಕಟ್ಟಬೇಕಾದ ಪ್ರೀಮಿಯಂ ಸೆಂಟ್‌ವರೆಗೂ ನಮೂದಾಗಿರುತ್ತದೆ. ಆದರೆ ಆಲಿಕಲ್ಲಿಗೆ ಸಿಕ್ಕಿ ಛಾವಣಿ ಹಾಳಾದರೆ ಕಂಪನಿ ಸುಮಾರು ಎಷ್ಟು ಹಣ ಕೊಡುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಒಂದೇ ಕಡೆ ಉತ್ತರ ಸಿಗುವುದಿಲ್ಲ. ಉತ್ತರದ ಒಂದು ಭಾಗ ಪಾಲಿಸಿಯ ಮುಖ್ಯ ವಿವರಗಳಿರುವ ಡಿಕ್ಲರೇಷನ್ ಪುಟದಲ್ಲಿರುತ್ತದೆ, ಇನ್ನೊಂದು ನಷ್ಟ ಇತ್ಯರ್ಥದ ಷರತ್ತುಗಳಲ್ಲಿ, ಮತ್ತೊಂದು ಕೊನೆಗೆ ಲಗತ್ತಿಸಿದ ಯಾವುದೋ ಎಂಡಾರ್ಸ್‌ಮೆಂಟ್‌ನಲ್ಲಿ, ಅಂದರೆ ಮೂಲ ಷರತ್ತನ್ನು ಬದಲಿಸುವ ಪುರವಣಿಯಲ್ಲಿ. ಮೂರನ್ನೂ ಕೂಡಿಸಿ ಲೆಕ್ಕ ಹಾಕುವ ಕೆಲಸ ಮನೆಯವರ ಪಾಲಿಗೆ ಬೀಳುತ್ತದೆ, ಅದೂ ಬಹುಪಾಲು ಸಲ ಸೂರು ಸೋರಲು ಶುರುವಾದ ಮೇಲೆ. ಇಲ್ಲಿ ಮನೆ ಕೊಂಡಿರುವ ಕನ್ನಡಿಗರೂ ತಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ನೋಡಲಿ ಎಂಬ ಕಾರಣಕ್ಕೆ ಈ ಪತ್ರವನ್ನು ಕನ್ನಡದಲ್ಲಿ ಪ್ರಕಟಿಸುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಗೃಹವಿಮೆ ಎಂದರೆ ಛಾವಣಿಯ ನಿರ್ವಹಣೆಯ ಕರಾರಲ್ಲ ಎಂಬುದನ್ನು ನಾನು ಮೊದಲೇ ಒಪ್ಪುತ್ತೇನೆ. ಬಿಸಿಲಿಗೆ ಒಣಗಿ ಅಂಚು ಮುರುಟಿದ ಶಿಂಗಲ್ (ಛಾವಣಿಗೆ ಹೊದಿಸುವ ತೆಳು ಹಾಳೆ), ವರ್ಷಗಟ್ಟಲೆ ಸಡಿಲವಾಗುತ್ತಾ ಬಂದ ಫ್ಲಾಷಿಂಗ್ (ಸಂದುಗಳಲ್ಲಿ ನೀರು ಇಳಿಯದಂತೆ ಹಾಕುವ ತಗಡು), ಕಟ್ಟಿಕೊಂಡ ಗಟರ್‌ನಿಂದ ಕೊಳೆತ ಹಲಗೆ ಇವೆಲ್ಲ ಸವೆತದ ಲೆಕ್ಕಕ್ಕೆ ಸೇರುತ್ತವೆ ಮತ್ತು ಅವುಗಳ ಖರ್ಚು ಮನೆಯವರದೇ. ಗಾಳಿ, ಆಲಿಕಲ್ಲು, ಬೆಂಕಿ, ಮುರಿದುಬಿದ್ದ ಮರ, ಹೀಗೆ ದಿಢೀರನೆ ಬಂದೆರಗುವ ಹಾನಿಗೆ ಮಾತ್ರ ವಿಮೆ ಇರುವುದು. ಮಳೆನೀರು ಒಳಗೆ ಬಂದು ಸೀಲಿಂಗ್ ಕೆಟ್ಟರೂ, ಅನೇಕ ಪಾಲಿಸಿಗಳಲ್ಲಿ ಬಿರುಗಾಳಿಯೋ ಆಲಿಕಲ್ಲೋ ಮೊದಲು ಛಾವಣಿಯಲ್ಲಿ ತೂತು ಮಾಡಿದ್ದರೆ ಮಾತ್ರ ಪರಿಹಾರ ಸಿಗುತ್ತದೆ. ಹಾನಿಯಾದ ಮೇಲೆ ಟಾರ್ಪಾಲು ಹೊದಿಸಿ ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವ ಹೊಣೆಯೂ ಮನೆಯವರದೇ. ಈ ಮಿತಿಗಳು ನ್ಯಾಯವಾದವು, ಮತ್ತು ಇವನ್ನು ಅರ್ಥಮಾಡಿಕೊಳ್ಳುವುದೂ ಕಷ್ಟವಲ್ಲ.

ಕಷ್ಟವಿರುವುದು, ನಿಸ್ಸಂದೇಹವಾಗಿ ಆಲಿಕಲ್ಲಿನಿಂದಲೇ ಹಾನಿಯಾಗಿದೆ ಎಂದು ಕಂಪನಿ ಒಪ್ಪಿಕೊಂಡ ನಂತರದ ಲೆಕ್ಕದಲ್ಲಿ. ಉದಾಹರಣೆಗೆ, 4 ಲಕ್ಷ ಡಾಲರ್‌ಗೆ ವಿಮೆ ಮಾಡಿಸಿದ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್, ಅಂದರೆ ಪರಿಹಾರದಲ್ಲಿ ಕಂಪನಿ ಕಳೆದುಕೊಳ್ಳುವ ಮನೆಯವರ ಪಾಲು, ಶೇ 2. ಈ ಶೇಕಡಾವಾರನ್ನು ಲೆಕ್ಕ ಹಾಕುವುದು ಆಗಿರುವ ನಷ್ಟದ ಮೇಲಲ್ಲ, ಮನೆಯ ಒಟ್ಟು ವಿಮಾ ಮೊತ್ತದ ಮೇಲೆ. ಆದ್ದರಿಂದ ಮನೆಯವರು ತಾವೇ ಭರಿಸಬೇಕಾದ ಮೊತ್ತ 8,000 ಡಾಲರ್. ಹೊಸ ಛಾವಣಿ ಹಾಕಿಸಲು 20,000 ಡಾಲರ್ ಬೇಕು. ಹಳೆಯದಕ್ಕೆ 12 ವರ್ಷವಾಗಿದೆ ಮತ್ತು ಕಂಪನಿ ಅದರ ಆಯುಸ್ಸನ್ನು 20 ವರ್ಷ ಎಂದು ಹಿಡಿಯುತ್ತದೆ. ಹಾಗಾದರೆ ಬಳಸಿದ 12 ವರ್ಷಗಳ ಸವಕಳಿಗೆ 12,000 ಡಾಲರ್ ಕಳೆದು ಉಳಿಯುವ ಮೌಲ್ಯ 8,000 ಡಾಲರ್, ಅದರಿಂದ ಡಿಡಕ್ಟಿಬಲ್ ಕಳೆದರೆ ಉಳಿಯುವುದು ಸೊನ್ನೆ. ಪಾಲಿಸಿ ಸವಕಳಿ ಕಳೆದ ಮೌಲ್ಯವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ‘ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ’ ಬಗೆಯದಾಗಿದ್ದರೆ ಕತೆ ಅಲ್ಲಿಗೇ ಮುಗಿಯಿತು: ಕ್ಲೇಮ್ ಮಂಜೂರಾಗಿದೆ, ಚೆಕ್ ಇಲ್ಲ, 20,000 ಡಾಲರ್ ಪೂರ್ತಿ ಕೈಯಿಂದಲೇ. ಹೊಸದನ್ನು ಹಾಕಿಸುವ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯುವ ‘ರೀಪ್ಲೇಸ್‌ಮೆಂಟ್ ಕಾಸ್ಟ್’ ಬಗೆಯದಾಗಿದ್ದರೆ ತಡೆಹಿಡಿದ 12,000 ಡಾಲರ್ ಸಿಗುತ್ತದೆ ನಿಜ, ಆದರೆ ಕೆಲಸ ಮುಗಿಸಿ ಬಿಲ್ ಒಪ್ಪಿಸಿದ ನಂತರ. ಮೊದಲ ಹಂತದಲ್ಲಿ ಅವರಿಗೂ ಬರುವುದು ಸೊನ್ನೆಯೇ. ಒಂದೇ ಬೀದಿಯಲ್ಲಿ, ಒಂದೇ ವಯಸ್ಸಿನ ಛಾವಣಿಗಳ ಮೇಲೆ ಒಂದೇ ಸಂಜೆ ಆಲಿಕಲ್ಲು ಬಿದ್ದರೂ ಇಬ್ಬರು ನೆರೆಯವರ ನಡುವೆ ಹೀಗೆ 12,000 ಡಾಲರ್ ವ್ಯತ್ಯಾಸವಾಗಬಹುದು, ಮತ್ತು ಇಬ್ಬರಿಗೂ ಅದು ಮೊದಲೇ ಗೊತ್ತಿರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದರಲ್ಲಿದೆ. ಕಟ್ಟಡದ ವೆಚ್ಚ ಏರಿತೆಂದು ಕಂಪನಿ ನವೀಕರಣದ ವೇಳೆ ವಿಮಾ ಮೊತ್ತವನ್ನು 4 ಲಕ್ಷದಿಂದ 4.5 ಲಕ್ಷಕ್ಕೆ ಏರಿಸಿದರೆ ಮನೆಯವರು ರಕ್ಷಣೆ ಹೆಚ್ಚಿತೆಂದು ತಿಳಿಯುತ್ತಾರೆ. ಶೇ 2 ಎಂಬ ಅಕ್ಷರಗಳು ಮೊದಲಿದ್ದಂತೆಯೇ ಇರುತ್ತವೆ, ಆದರೆ ಡಿಡಕ್ಟಿಬಲ್ ಮಾತ್ರ ಸದ್ದಿಲ್ಲದೆ 8,000ದಿಂದ 9,000 ಡಾಲರ್‌ಗೆ ಏರಿರುತ್ತದೆ, ಛಾವಣಿಯ ವಯಸ್ಸೂ ಅಷ್ಟರಲ್ಲಿ ಒಂದು ವರ್ಷ ಹೆಚ್ಚಿರುತ್ತದೆ.

ಈ ಅಸ್ಪಷ್ಟತೆಯ ಲಾಭ ಪಡೆಯುವವರು, ಆಲಿಕಲ್ಲು ಬಿದ್ದ ಮರುದಿನವೇ ಬಾಗಿಲು ತಟ್ಟಿ ‘ನಿಮಗೆ ಒಂದು ಡಾಲರ್ ಖರ್ಚಿಲ್ಲದೆ ಹೊಸ ರೂಫ್ ಹಾಕಿಕೊಡುತ್ತೇವೆ’ ಎನ್ನುವವರು. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಡಿಡಕ್ಟಿಬಲ್ ಅನ್ನು ಮನ್ನಾ ಮಾಡುವುದಾಗಲಿ, ತಾನೇ ಭರಿಸುವುದಾಗಿ ಕಂಟ್ರಾಕ್ಟರ್ ಮಾತು ಕೊಡುವುದಾಗಲಿ ಅಪರಾಧ. ತಡೆಹಿಡಿದ ಸವಕಳಿ ಹಣ ಬಿಡುಗಡೆ ಮಾಡುವ ಮುನ್ನ ಮನೆಯವರು ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಪುರಾವೆ ಕೇಳುವ ಹಕ್ಕು ಕಂಪನಿಗಿದೆ. ಕಾನೂನು ಒಳ್ಳೆಯದೇ. ಆದರೆ ರೂಫಿಂಗ್ ಕೆಲಸಕ್ಕೆ ರಾಜ್ಯಮಟ್ಟದ ಲೈಸೆನ್ಸ್ ಕೂಡ ಇಲ್ಲದ ಟೆಕ್ಸಾಸ್‌ನಲ್ಲಿ, ತಾನು ಕಟ್ಟಬೇಕಾದದ್ದು 8,000 ಡಾಲರ್ ಎಂದೇ ಗೊತ್ತಿಲ್ಲದ ಮನೆಯೊಡತಿಗೆ ಆ ಮಾತು ಅಪರಾಧವಾಗಿ ಕೇಳಿಸುವುದಾದರೂ ಹೇಗೆ?

ಹಿಂದೆ ಟೆಕ್ಸಾಸ್‌ನಲ್ಲಿ ರಾಜ್ಯವೇ ರೂಪಿಸಿದ ಎಚ್‌ಒ-ಎ, ಎಚ್‌ಒ-ಬಿ ಮುಂತಾದ ಗೃಹವಿಮೆ ಪಾಲಿಸಿಯ ನಮೂನೆಗಳು ಬಳಕೆಯಲ್ಲಿದ್ದವು; ಒಂದು ಕಂಪನಿಯ ಪಾಲಿಸಿ ಓದಿದವರಿಗೆ ಇನ್ನೊಂದರದು ಹೊಸದೆನಿಸುತ್ತಿರಲಿಲ್ಲ. ಈಗ ಕಂಪನಿಗಳು ತಮ್ಮ ತಮ್ಮ ನಮೂನೆಗಳನ್ನೇ ಇಲಾಖೆಗೆ ಸಲ್ಲಿಸಿ ಬಳಸುತ್ತವೆ. ಕೆಲವು ಪಾಲಿಸಿಗಳಲ್ಲಿ ಇಡೀ ಮನೆಗೆ ರೀಪ್ಲೇಸ್‌ಮೆಂಟ್ ಕಾಸ್ಟ್, ಛಾವಣಿಗೆ ಮಾತ್ರ ಸವಕಳಿ; ಕೆಲವದರಲ್ಲಿ ಛಾವಣಿಯ ವಯಸ್ಸು ಮತ್ತು ಸಾಮಗ್ರಿಗೆ ಅನುಗುಣವಾಗಿ ವರ್ಷವರ್ಷಕ್ಕೂ ಇಳಿಯುವ ಶೇಕಡಾವಾರು ಪಟ್ಟಿ. ಹೊಸ ಛಾವಣಿ ಹಾಕುವಾಗ ನಗರದ ಕಟ್ಟಡ ನಿಯಮ ಕೇಳುವ ಹೆಚ್ಚುವರಿ ಕೆಲಸಕ್ಕೂ ಪ್ರತ್ಯೇಕ ರಕ್ಷಣೆ ಇರಬೇಕು, ಇಲ್ಲದಿದ್ದರೆ ಅದೂ ಕೈಯಿಂದಲೇ.

ಆಲಿಕಲ್ಲು ತಡೆಯುವ ಛಾವಣಿಗೆ ಸಿಗುವ ರಿಯಾಯಿತಿಯ ವಿಚಾರ ಇದಕ್ಕಿಂತ ವಿಚಿತ್ರ. ಛಾವಣಿ ಸಾಮಗ್ರಿ ಪೆಟ್ಟು ತಡೆಯುವುದನ್ನು ಅಳೆಯುವ ಯುಎಲ್ 2218 ಪರೀಕ್ಷೆಯ 4ನೇ ದರ್ಜೆ ಪಡೆಯಬೇಕಾದರೆ 2 ಇಂಚು ವ್ಯಾಸದ ಉಕ್ಕಿನ ಗುಂಡು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬಿದ್ದರೂ ಆ ಸಾಮಗ್ರಿ ಬಿರುಕು ಬಿಡಬಾರದು. ಅಂಥ ಲೋಹದ ಛಾವಣಿ ಹಾಕಿಸಿದವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುವಾಗ, ನೋಟಕ್ಕೆ ಮಾತ್ರ ಆಗುವ ಹಾನಿಗೆ ಪರಿಹಾರವಿಲ್ಲ ಎಂಬ ಷರತ್ತಿಗೂ ಸಹಿ ಹಾಕಿಸಿಕೊಳ್ಳುವುದುಂಟು. ಆಲಿಕಲ್ಲಿನಿಂದ ಛಾವಣಿ ತುಂಬ ತಗ್ಗುಗಳಾಗಿ, ಆದರೆ ನೀರು ಸೋರದಿದ್ದರೆ, ಆ ಷರತ್ತಿನ ಪ್ರಕಾರ ಅದು ಹಾನಿಯೇ ಅಲ್ಲ. ಮನೆ ಮಾರಲು ಹೊರಟಾಗ ಕೊಳ್ಳುವವರು ಆ ತಗ್ಗುಗಳನ್ನು ಹಾಗೆ ನೋಡುವುದಿಲ್ಲ.

ಪರಿಶೀಲನೆಗೆ ಬರುವ ಅಡ್ಜಸ್ಟರ್ (ನಷ್ಟವನ್ನು ಅಂದಾಜು ಮಾಡುವವರು) ಮಾಡುವ ಕೆಲಸವನ್ನೂ ಮನೆಯವರು ತಿಳಿದಿದ್ದರೆ ಒಳ್ಳೆಯದು. ಛಾವಣಿಯ ಒಂದೊಂದು ಇಳಿಜಾರಿನಲ್ಲೂ ಸೀಮೆಸುಣ್ಣದಿಂದ 10 ಅಡಿ ಉದ್ದ, 10 ಅಡಿ ಅಗಲದ ಚೌಕ ಎಳೆದು, ಅದರೊಳಗಿನ ಪೆಟ್ಟುಗಳಿಗೆ ಸುತ್ತು ಹಾಕಿ ಎಣಿಸುತ್ತಾರೆ. ಶಿಂಗಲ್ ಮೇಲೆ ಅಂಟಿಸಿರುವ ಸಣ್ಣ ಹರಳು ಉದುರಿ ಕಪ್ಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಪೆಟ್ಟು ಬಿದ್ದ ಹಣ್ಣಿನಂತೆ ಮೆತ್ತಗಾಗಿದ್ದರೆ ಅದು ಆಲಿಕಲ್ಲಿನ ಗುರುತು. ಬಿಸಿಲಿಗೆ ಬೊಕ್ಕೆಯೆದ್ದು ಹರಳು ಕಳಚಿದ್ದರೆ ಸವೆತ. ವೆಂಟ್ ಮತ್ತು ಗಟರ್‌ನ ತಗಡಿನ ಮೇಲೆ ತಗ್ಗುಗಳಿವೆಯೇ ಎಂದೂ ನೋಡುತ್ತಾರೆ. ಒಂದು ಇಳಿಜಾರಿನಲ್ಲಿ ಪೆಟ್ಟುಗಳು ಹೆಚ್ಚು, ಉಳಿದ ಮೂರರಲ್ಲಿ ಕಡಿಮೆ ಎಂದಾದರೆ ಆ ಒಂದನ್ನಷ್ಟೇ ಬದಲಿಸಲು ಹಣ ಮಂಜೂರಾಗಬಹುದು, ಹೊಸ ಶಿಂಗಲ್‌ನ ಬಣ್ಣ ಹಳೆಯದಕ್ಕೆ ಹೊಂದದಿದ್ದರೂ ಸರಿ. ಆದ್ದರಿಂದ ಆ ಚೌಕಗಳ ಫೋಟೊ ಮತ್ತು ಎಣಿಕೆಯನ್ನು ವರದಿಯ ಜೊತೆ ಕೇಳದೆಯೇ ಕೊಡಬೇಕೆಂಬ ನಿಯಮ ಬಂದರೆ ಅರ್ಧ ಜಗಳ ಅಲ್ಲೇ ತಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನನ್ನ ಮುಖ್ಯ ಕೋರಿಕೆ ಇಷ್ಟು. ಪ್ರತಿ ಗೃಹವಿಮೆ ಪಾಲಿಸಿಯ ಮತ್ತು ಪ್ರತಿ ನವೀಕರಣದ ಮೊದಲ ಪುಟದಲ್ಲೇ ಛಾವಣಿಯ ಬಗ್ಗೆ ಒಂದು ಪ್ರಕಟಣೆ ಇರಲಿ. ಕಂಪನಿಯ ದಾಖಲೆಯಲ್ಲಿ ಛಾವಣಿಯ ವಯಸ್ಸು ಎಷ್ಟೆಂದು ಬರೆದುಕೊಂಡಿದೆ, ಡಿಡಕ್ಟಿಬಲ್ ಶೇಕಡಾವಾರಲ್ಲದೆ ಡಾಲರ್‌ನಲ್ಲಿ ಎಷ್ಟಾಗುತ್ತದೆ, ಸವಕಳಿ ಕಳೆಯುತ್ತಾರೋ ಇಲ್ಲವೋ, ನೋಟದ ಹಾನಿಗೆ ಪರಿಹಾರ ಉಂಟೋ ಇಲ್ಲವೋ ಎಂಬುದನ್ನು ಅದು ಹೇಳಲಿ. ಇವುಗಳ ಕೆಳಗೆ, ಈ ವರ್ಷ ಛಾವಣಿ ಪೂರ್ತಿ ಹಾಳಾದರೆ ಬರಬಹುದಾದ ಮೊತ್ತವನ್ನು ಒಂದು ಮಾದರಿ ಲೆಕ್ಕದ ಮೂಲಕ ತೋರಿಸಲಿ. ವಯಸ್ಸಿನ ವಿಷಯವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಹಿಂದಿನ ಮಾಲೀಕರು ಬದಲಿಸಿದ ಛಾವಣಿಯನ್ನು ಮನೆಯಷ್ಟೇ ಹಳೆಯದೆಂದು ಕಂಪನಿ ಬರೆದುಕೊಂಡಿದ್ದರೆ ಅದನ್ನು ತಿದ್ದಿಸಲು ಸರಿಯಾದ ಕಾಲ ಕ್ಲೇಮ್‌ಗೆ ಮೊದಲು. ನವೀಕರಣದಲ್ಲಿ ರಕ್ಷಣೆ ಕಡಿಮೆಯಾದರೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಈಗಾಗಲೇ ಇದೆ ಎಂದು ತಮ್ಮ ಇಲಾಖೆ ಉತ್ತರಿಸಬಹುದು. ಆ ಸೂಚನೆ ಏನು ಬದಲಾಯಿತೆಂದು ಹೇಳುತ್ತದೆಯೇ ಹೊರತು ಬದಲಾದದ್ದರಿಂದ ಕೈಬಿಟ್ಟುಹೋಗುವ ಡಾಲರ್ ಎಷ್ಟೆಂದು ಹೇಳುವುದಿಲ್ಲ.

ಎಲ್ಲ ಹಳೆಯ ಛಾವಣಿಗೂ ಪೂರ್ತಿ ಹಣ ಕೊಡಿಸಿರೆಂದು ನಾನು ಕೇಳುತ್ತಿಲ್ಲ. ಹಾಗೆ ಕೊಡಿಸಿದರೆ ಎಲ್ಲರ ಪ್ರೀಮಿಯಂ ಏರುತ್ತದೆ. 2016ರ ಏಪ್ರಿಲ್ 12ರಂದು ಸ್ಯಾನ್ ಆಂಟೋನಿಯೊದ ಮೇಲೆ ಸುರಿದ ಆಲಿಕಲ್ಲು ಒಂದೇ ಸಂಜೆಯಲ್ಲಿ 100 ಕೋಟಿ ಡಾಲರ್‌ಗೂ ಮೀರಿದ ವಿಮಾ ನಷ್ಟ ಉಂಟುಮಾಡಿದ ರಾಜ್ಯವಿದು. ಕಡಿಮೆ ಪ್ರೀಮಿಯಂ ಕಟ್ಟಿ ಛಾವಣಿಯ ಅಪಾಯವನ್ನು ತಾವೇ ಹೊರುತ್ತೇವೆನ್ನುವವರಿಗೆ ಆ ಅವಕಾಶ ಇರಲಿ. ಆದರೆ ಎರಡೂ ಬಗೆಯ ಪಾಲಿಸಿಯ ಪ್ರೀಮಿಯಂ ಮತ್ತು ಪರಿಹಾರದ ಮೊತ್ತವನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಅವರು ಆರಿಸಿಕೊಳ್ಳಲಿ. ವಿಮಾ ಗ್ರಾಹಕರ ಪರವಾಗಿ ಮಾತನಾಡಲೆಂದೇ ಇರುವ ರಾಜ್ಯದ ಸಾರ್ವಜನಿಕ ವಿಮಾ ಸಲಹೆಗಾರರ ಕಚೇರಿ ಪಾಲಿಸಿಗಳನ್ನು ಹೋಲಿಸಿ ನೋಡುವ ಸೌಲಭ್ಯವನ್ನು ಈಗಾಗಲೇ ಕೊಡುತ್ತಿದೆ. ಪ್ರಕಟಣೆಯ ನಮೂನೆಯನ್ನು ಅವರ ಜೊತೆ ಕುಳಿತೇ ಸಿದ್ಧಪಡಿಸಬಹುದು.

ಇಂಥ ನಮೂನೆಯನ್ನು ಈಗಿರುವ ಅಧಿಕಾರದಡಿ ಇಲಾಖೆಯೇ ಕಡ್ಡಾಯ ಮಾಡಬಹುದೇ, ಅಥವಾ ಅದಕ್ಕೆ ಶಾಸನಸಭೆಯ ತಿದ್ದುಪಡಿ ಬೇಕೇ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕು. ತಿದ್ದುಪಡಿ ಬೇಕೆಂದಾದರೆ ನಮ್ಮ ಕ್ಷೇತ್ರದ ಪ್ರತಿನಿಧಿಗೆ ಇದೇ ವಿಷಯವನ್ನು ಬರೆಯುತ್ತೇನೆ.

ಗೌರವಪೂರ್ವಕವಾಗಿ,
ಟೆಕ್ಸಾಸ್‌ನ ಒಬ್ಬ ಪಾಲಿಸಿದಾರ